‘ಹಂಜಮಾನ’ಕ್ಕೆ ಅರ್ಧ ಸಾಲಿನ ಅರ್ಥ ಬೇಕು

ಎಲ್ಲರಿಗೂ ನಮಸ್ಕಾರ.

ಪ್ರಶ್ನೆ ಕೇಳುವ ಮೊದಲು ನನ್ನ ಎಡವಟ್ಟು ಹೇಳಿಬಿಡುತ್ತೇನೆ. ನಾನು ಉಡುಪಿಯಲ್ಲಿ ಕರಡು ತಿದ್ದುವವನು. ಶಾಲೆಯ ಶತಮಾನೋತ್ಸವ, ಅಭಿನಂದನ ಗ್ರಂಥ, ಯಕ್ಷಗಾನದ ಕರಪತ್ರ, ಏನು ಬಂದರೂ ನೋಡುತ್ತೇನೆ. ಕಳೆದ ವರ್ಷ ಬಾರಕೂರು ಕಡೆಯ ಒಂದು ದೇವಸ್ಥಾನದ ಬ್ರಹ್ಮಕಲಶದ ಸ್ಮರಣ ಸಂಚಿಕೆ ಬಂತು. ಅದರಲ್ಲಿ ರಿಟೈರ್ ಆದ ಮಾಷ್ಟ್ರೊಬ್ಬರು ಊರಿನ ಹಳೆಯ ಪೇಟೆಯ ಬಗ್ಗೆ ಬರೆದಿದ್ದರು. ಮೂರು ಕಡೆ ‘ನಖರ ಹಂಜಮಾನದವರು’ ಅಂತ ಇತ್ತು. ನಖರ ಗೊತ್ತಿತ್ತು, ವರ್ತಕರ ಕೂಟ. ಹಂಜಮಾನ? ಟೈಪ್ ಮಾಡುವ ಹುಡುಗಿ ‘ಯ’ ಹೊಡೆಯುವಲ್ಲಿ ‘ಹಂ’ ಹೊಡೆದಿದ್ದಾಳೆ ಅಂದುಕೊಂಡೆ. ಮೂರೂ ಕಡೆ ಕೆಂಪು ಪೆನ್ನಿನಲ್ಲಿ ‘ಯಜಮಾನ’ ಮಾಡಿದೆ. ತುಂಬಾ ಜಾಣತನ ಮಾಡಿದೆ ಅಂತ ಒಳಗೊಳಗೇ ಖುಷಿ ಬೇರೆ. ಅಚ್ಚೂ ಆಯಿತು.

ಸಂಚಿಕೆ ಕೈಸೇರಿದ ದಿನ ಮಾಷ್ಟ್ರ ಫೋನ್ ಬಂತು. “ಮಾರಾಯ್ರೆ, ಬಾರಕೂರಿನ ಇಡೀ ಪೇಟೆಯನ್ನು ಒಬ್ಬ ಯಜಮಾನನ ಕೈಗೆ ಕೊಟ್ಟುಬಿಟ್ಟಿರಲ್ಲ!” ಬೈದದ್ದು ಅಷ್ಟೇ. ಆಮೇಲೆ ಅರ್ಧ ಗಂಟೆ ಪಾಠ. ಅಲ್ಲಿಂದ ನನಗೆ ಈ ಪದದ ಹುಚ್ಚು ಹಿಡಿದಿದೆ.

ಹಂಜಮಾನ ಅಂದರೆ ಇರಾನಿನ ಪಾರಸಿ ಭಾಷೆಯ ‘ಅಂಜುಮನ್’. ಸಭೆ, ಕೂಟ. ಭಟ್ಕಳದ ಅಂಜುಮನ್ ಕಾಲೇಜಿನ ಹೆಸರಲ್ಲಿರುವುದೂ ಇದೇ ಪದ. ವಿಜಯನಗರದ ಕಾಲದ ಕರಾವಳಿ ಶಾಸನಗಳಲ್ಲಿ, ಅದರಲ್ಲೂ ಬಾರಕೂರು, ಬಸರೂರು ಕಡೆಯವುಗಳಲ್ಲಿ, ಸೆಟ್ಟಿಕಾರರು, ನಖರ ಎಂದೆಲ್ಲ ವರ್ತಕ ಕೂಟಗಳ ಹೆಸರು ಬರುವಾಗ ಜೊತೆಗೆ ಹಂಜಮಾನವೂ ಬರುತ್ತದೆ. ಕಡಲಾಚೆಯಿಂದ ಬಂದು ಇಲ್ಲಿ ನೆಲೆ ನಿಂತ ವರ್ತಕರ ಕೂಟ ಅದು. ಆಗ ಬಾರಕೂರು ಒಂದು ರಾಜ್ಯದ, ಅಂದರೆ ಸಾಮ್ರಾಜ್ಯದ ಒಂದು ಪ್ರಾಂತ್ಯದ, ಕೇಂದ್ರ, ವಿಜಯನಗರದಿಂದ ಅಧಿಕಾರಿ ಬಂದು ಕೂರುತ್ತಿದ್ದ ಜಾಗ. ಆದರೂ ಪೇಟೆಯ ಮಾತು ಬಂದಾಗ ಈ ಕೂಟಗಳ ಹೆಸರನ್ನು ಬಿಟ್ಟು ಬರೆಯುವ ಹಾಗಿರಲಿಲ್ಲ. ನಾನು ಅಳಿಸಿದ್ದು ಅದನ್ನೇ.

ಈಗ ಆ ‘ಹ’ದ ವಿಷಯ. ಅಂಜುಮನ್‌ಗೆ ನಮ್ಮವರು ಸುಮ್ನೆ ಒಂದು ಹ ಅಂಟಿಸಿದ್ದಾರೆ ಅಂತ ಮೊದಲು ಅನ್ನಿಸಿತು. ಹಕಾರ ಅಕಾರ ಅದಲುಬದಲು ಮಾಡುವುದು ನಮಗೇನು ಹೊಸದೇ? ಪ್ರೆಸ್ಸಿನ ತುಳು ಗೆಳೆಯನೊಬ್ಬ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. “ನಿಮ್ಮ ಹಲ್ಲು ನಮ್ಮಲ್ಲಿ ಪರು, ನಿಮ್ಮ ಹುಲಿ ನಮ್ಮಲ್ಲಿ ಪಿಲಿ. ಹಾಗಾದರೆ ಇದು ಮೊದಲು ಪಂಜಮಾನ ಇತ್ತೋ ಏನೋ!” ಚಾ ಕುಡಿಯುವಾಗ ಹೇಳಿದ್ದಕ್ಕೆ ಇದು ಬಹಳ ಚೆನ್ನಾಗಿದೆ. ಆದರೆ ಅಲ್ಲ. ಹ ನಮ್ಮದಲ್ಲ, ಅವರದ್ದೇ. ಜರತುಷ್ಟ್ರ ಮತದ ಹಳೆಯ ಗ್ರಂಥ ಅವೆಸ್ತಾದ ಭಾಷೆಯಲ್ಲಿ ಈ ಪದ ‘ಹಂಜಮನ’, ಇರಾನಿನ ನಡುಗಾಲದ ಭಾಷೆ ಪಹ್ಲವಿಯಲ್ಲಿ ‘ಹಂಜಮನ್’. ಹೊಸ ಪಾರಸಿಗೆ ಬರುವಾಗ ಹ ಬಿದ್ದುಹೋಗಿ ಅಂಜುಮನ್ ಆಯಿತು. ಅಂದರೆ ಇರಾನಿನಲ್ಲೇ ಕಳೆದುಹೋದ ಅಕ್ಷರ ನಮ್ಮ ಉಡುಪಿ ಕಡೆಯ ಕಲ್ಲುಗಳ ಮೇಲೆ ಉಳಿದಿದೆ.

ಇನ್ನೂ ಸ್ವಲ್ಪ ಹಿಂದೆ ಹೋದರೆ ನಂಟು ನಮ್ಮ ಮನೆಗೇ ಬರುತ್ತದೆ. ಸಂಸ್ಕೃತದ ಸ ಇರುವಲ್ಲಿ ಹಳೆಯ ಇರಾನಿ ಭಾಷೆಗಳಲ್ಲಿ ಹ. ಸಿಂಧು ಹಿಂದು ಆಯಿತು, ಸಪ್ತಕ್ಕೆ ಅವರಲ್ಲಿ ಹಪ್ತ. ಏಳು ದಿನದ ವಾರ ಹಫ್ತಾ ಆಗಿ, ವಾರ ವಾರ ಕಿತ್ತುಕೊಳ್ಳುವ ದುಡ್ಡೂ ಹಫ್ತಾ ಆಗಿ, ಈಗ ಪೇಪರಿನ ಕ್ರೈಂ ಪುಟದಲ್ಲಿ ಕೂತಿದೆ. ಹಾಗೇ ‘ಸಂ’ಗೆ ಅವರಲ್ಲಿ ‘ಹಂ’. ಸಂಗಮನ, ಹಂಜಮನ. ಕೂಡಿ ಬರುವುದು. ಪದ ಹೊರಗಿನದು ಹೌದು, ಆದರೆ ಸಂಗಮಕ್ಕೆ ದೂರದ ದಾಯಾದಿ.

‘ಮ’ ಯಾಕೆ ‘ಮಾ’ ಆಯಿತು? ಇದಕ್ಕೆ ನನ್ನದೊಂದು ಊಹೆ. ಬರೆಯುವವರ ಕಿವಿಯಲ್ಲಿ ಯಜಮಾನ, ಬಹುಮಾನ, ಸನ್ಮಾನ ಮೊದಲೇ ತುಂಬಿದ್ದವು. ಬಂದ ಪದವನ್ನೂ ಆ ಅಚ್ಚಿಗೇ ಹಾಕಿದರು. ಹಾಗಾದರೆ ಕೆಂಪು ಪೆನ್ನು ಹಿಡಿದ ಮೊದಲಿಗ ನಾನಲ್ಲ ಅಂತ ಒಂದು ಸಮಾಧಾನ. ಭಾಷಾಶಾಸ್ತ್ರ ಬಲ್ಲವರು ದಯವಿಟ್ಟು ಬೈಯಬೇಡಿ, ತಿದ್ದಿ.

ಕೇರಳದಲ್ಲಿ ಇದೇ ಪದದ ಕತೆ ಬೇರೆ. ಕೊಲ್ಲಂನ ತರಿಸಾಪಳ್ಳಿ ತಾಮ್ರಶಾಸನ 849ರದ್ದು. ಅದರಲ್ಲಿ ‘ಅಂಜುವಣ್ಣಂ’, ‘ಮಣಿಗ್ರಾಮಂ’ ಅಂತ ಎರಡು ವರ್ತಕ ಕೂಟಗಳ ಹೆಸರಿವೆ. ಅಂಜುವಣ್ಣಂ ನಮ್ಮ ಹಂಜಮಾನವೇ ಎಂದು ಬಹಳಷ್ಟು ವಿದ್ವಾಂಸರ ಮತ. ಆ ಕಡೆಯ ಬಾಯಿಗೆ ಹ ಒಗ್ಗಲಿಲ್ಲ, ಅಂಜು ಅಂದರೆ ಐದು, ವಣ್ಣಂ ಅಂದರೆ ಬಣ್ಣ ಅಂತ ಸೀಳಿ ತಮ್ಮದೇ ಅರ್ಥ ಕೊಟ್ಟುಕೊಂಡರು. ಆ ತಾಮ್ರಪಟದ ಸಾಕ್ಷಿಗಳ ಸಹಿ ನೋಡಬೇಕು: ಕೆಲವರದ್ದು ಅರಬ್ಬಿಯ ಕೂಫಿ ಲಿಪಿ, ಕೆಲವರದ್ದು ಪಹ್ಲವಿ, ಇನ್ನು ಕೆಲವರದ್ದು ಹೀಬ್ರೂ ಅಕ್ಷರದಲ್ಲಿ ಬರೆದ ಪಾರಸಿ. ಪಹ್ಲವಿಯಲ್ಲಿ ಸಹಿ ಹಾಕುವವರು 9ನೇ ಶತಮಾನದಲ್ಲೇ ಈ ಕರಾವಳಿಯಲ್ಲಿ ಓಡಾಡುತ್ತಿದ್ದರು ಅಂದಮೇಲೆ ನಮ್ಮ ಹ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ ಅಲ್ವಾ?

ಮಣಿಗ್ರಾಮ ಬಂದ ಮೇಲೆ ನನಗೊಂದು ಅನುಮಾನ. ಬಾರಕೂರಿನ ಕೇರಿಗಳಲ್ಲಿ ಮೂಡುಕೇರಿ, ಕೋಟೆಕೇರಿ, ಚೌಳಿಕೇರಿ ಇವುಗಳ ಜೊತೆ ಮಣಿಗಾರಕೇರಿ ಅಂತ ಒಂದಿದೆ. ಈ ಮಣಿಗಾರ ಆ ಮಣಿಗ್ರಾಮದ ಉಳಿಕೆಯೋ, ಮಣಿ ಮಾರುವ ಮಣಿಗಾರನೋ, ಮಣಿಹ, ಅಂದರೆ ಮೇಲ್ವಿಚಾರಣೆಯ ಕೆಲಸ, ನೋಡಿಕೊಳ್ಳುವ ಅಧಿಕಾರಿಯೋ? ಅಲ್ಲಿಯವರು ಯಾರಾದರೂ ಇದ್ದರೆ ಮನೆಯ ಹಿರಿಯರು ಏನು ಹೇಳುತ್ತಾರೆ ಅಂತ ಕೇಳಿ ಬರೆಯಿರಿ.

ನನ್ನ ನಿಜವಾದ ಪ್ರಶ್ನೆ ಇನ್ನೂ ಬಂದಿಲ್ಲ. ಉಳಿದ ಪ್ರತಿಗಳನ್ನು ಈ ಸಲದ ವರ್ಷಾವಧಿ ಜಾತ್ರೆಗೆ ಕೌಂಟರಿನಲ್ಲಿ ಇಡುತ್ತಾರಂತೆ. ಅದಕ್ಕೆ ಒಂದು ತಪ್ಪು-ಒಪ್ಪು ಚೀಟಿ ಅಂಟಿಸಲು ಸಮಿತಿಯವರು ಒಪ್ಪಿದ್ದಾರೆ. ಅಂಗೈಯಗಲದ ಚೀಟಿ. ‘ಯಜಮಾನ ಎಂದಿರುವಲ್ಲಿ ಹಂಜಮಾನ ಎಂದು ಓದಿಕೊಳ್ಳಿ’ ಅಂತ ಹಾಕಿದರೆ ಓದಿದವರು ಇದೇ ಅಚ್ಚಿನ ತಪ್ಪು ಅಂದುಕೊಳ್ಳುತ್ತಾರೆ. ಪಕ್ಕದಲ್ಲಿ ಅರ್ಥ ಬೇಕೇ ಬೇಕು. ಇರುವುದು ಅರ್ಧ ಸಾಲು ಜಾಗ.

‘ಮುಸ್ಲಿಂ ವರ್ತಕರ ಸಂಘ’ ಅಂತ ಹಾಕಿ ಅಂದರು ಒಬ್ಬರು. ಹೆಚ್ಚಿನವರು ಮುಸ್ಲಿಮರೇ ಇದ್ದಿರಬಹುದು. 1342ರ ಸುಮಾರಿಗೆ ಮಂಗಳೂರಿಗೆ ಬಂದ ಮೊರಾಕೋದ ಪ್ರವಾಸಿ ಇಬ್ನ್ ಬತೂತ ಊರನ್ನು ಮಂಜರೂರ್ ಅಂತ ಕರೆದು, ಫಾರ್ಸ್ ಮತ್ತು ಯೆಮನಿನ ವರ್ತಕರು ಹೆಚ್ಚಾಗಿ ಇಳಿಯುವುದು ಇಲ್ಲೇ, ಸುಮಾರು 4,000 ಮುಸ್ಲಿಮರು ಇಲ್ಲಿದ್ದಾರೆ ಅಂತ ಬರೆದಿದ್ದಾನೆ. ಆದರೆ ಅದಕ್ಕೂ ಇನ್ನೂರು ವರ್ಷ ಮೊದಲು ಇದೇ ಮಂಗಳೂರಿನಲ್ಲಿ ಟ್ಯುನೀಸಿಯಾ ಕಡೆಯ ಯಹೂದಿ ವರ್ತಕ ಬೆನ್ ಯಿಜು ಹಿತ್ತಾಳೆ ಪಾತ್ರೆ ಮಾಡಿಸಿಕೊಂಡು ವರ್ಷಗಟ್ಟಲೆ ಇದ್ದ. ಅವನ ವ್ಯವಹಾರ ನೋಡಿಕೊಳ್ಳಲು ಸಮುದ್ರ ದಾಟಿ ಏಡನ್‌ಗೆ ಹೋಗಿ ಬರುತ್ತಿದ್ದವನ ಹೆಸರು ಬೊಮ್ಮ. ಕೇರಳದಲ್ಲಿ ಸುಮಾರು 1000ದಲ್ಲಿ ಅಂಜುವಣ್ಣದ ಹಕ್ಕು ಸಿಕ್ಕಿದ್ದು ಜೋಸೆಫ್ ರಬ್ಬಾನ್ ಎಂಬ ಯಹೂದಿಗೆ. ಹಾಗಾಗಿ ಒಂದೇ ಮತದ ಹೆಸರು ಹಾಕಲು ಪೆನ್ನು ಏಳುತ್ತಿಲ್ಲ. ‘ಅರಬ್ ವರ್ತಕರು’ ಅಂದರೆ ಪಾರಸಿ ಪದ ತಂದವರೇ ಹೊರಗುಳಿಯುತ್ತಾರೆ. ‘ಪರದೇಶಿ ವರ್ತಕರು’ ಸರಿಯಾದ ಅರ್ಥವೇ, ಆದರೆ ಈಗ ಪರದೇಶಿ ಅಂದರೆ ಗತಿಯಿಲ್ಲದವನು. ಅರಬ್ಬಿ ಕುದುರೆ ಮಾರಿದವರನ್ನು ಹಾಗೆ ಕರೆಯಲಾದೀತೇ?

ನನ್ನ ಮನಸ್ಸಿನಲ್ಲಿರುವುದು ‘ಪಡುಗಡಲಾಚೆಯ ವರ್ತಕರ ಕೂಟ’. ಮಾಷ್ಟ್ರಿಗೆ ಓದಿ ಹೇಳಿದೆ. “ಆಚೆಯವರು ಅಂತ ಯಾಕೆ? ಬಂದು ಇಲ್ಲೇ ಕೂತ ಮೇಲೆ ಈಚೆಯವರೇ” ಅಂದರು. ಅದೂ ನಿಜ. ಇದಕ್ಕಿಂತ ಚಿಕ್ಕದು, ಚೊಕ್ಕದು ನಿಮಗೆ ಹೊಳೆದರೆ ಹೇಳಿ. ಕುಂದಾಪುರ, ಬಸರೂರು, ಗಂಗೊಳ್ಳಿ ಕಡೆಯವರು ಗದ್ದೆಯ ಹೆಸರಲ್ಲೋ ಮನೆತನದ ಹೆಸರಲ್ಲೋ ಹಂಜಮಾನ ಎಂಬಂಥ ಸದ್ದು ಕೇಳಿದ್ದರೆ ಅದನ್ನಂತೂ ಬಿಡದೆ ತಿಳಿಸಿ. ಚೀಟಿ ಮುಂದಿನ ವಾರ ಅಚ್ಚಿಗೆ ಹೋಗುತ್ತದೆ, ಈ ಸಲ ಕರಡನ್ನು ಮಾಷ್ಟ್ರೇ ನೋಡುತ್ತಾರೆ.