ದೋಣಿ ಮತ್ತೆ ಕಟ್ಟಿಕೊಂಡಿದೆ, ಯಾರಾದರೂ ಎದ್ದಿದ್ದೀರಾ?

(ಹಳೇ ಹೆಂಚಿನ ಸಾಲು, ತೀರ್ಥಹಳ್ಳಿ – ನಿವಾಸಿಗಳ ಗುಂಪು)

ಸವಿತಾ, ಬಾವಿ ಮನೆ · ರಾತ್ರಿ 2:47
ಎದ್ದಿಲ್ಲದಿದ್ದರೂ ಪರವಾಗಿಲ್ಲ, ಬೆಳಿಗ್ಗೆ ಎದ್ದು ಓದಿ. ಎರಡು ಮನೆಯ ಹೆಂಚಿನ ಮಾಡುಗಳ ನಡುವೆ ಮಳೆನೀರು ಹರಿಯುವ ತಗಡಿನ ದೋಣಿ ತುಂಬಿ ನೀರು ಗೋಡೆ ಹತ್ತಿ ದೇವರ ಕೋಣೆಗೆ ಇಳಿದಿದೆ. ಯುಪಿಎಸ್ ಅಡಿ ನೀರು. ಅತ್ತೆಯ ಹಾಸಿಗೆ ಒದ್ದೆ. ನಮ್ಮವರು ಈ ಮಳೆಯಲ್ಲಿ ಏಣಿ ಹತ್ತಿ ಕೈ ಹಾಕಿದರೆ ಅಂಗೈ ಅಗಲದ ಪಾಚಿ ಹೆಂಟೆ, ಹಲಸಿನ ಎಲೆ, ಹೆಂಚಿನ ಚೂರು, ಒಂದು ಟೆನಿಸ್ ಚೆಂಡು. ಪಾಚಿ ನಮ್ಮ ಮಾಡಿನದ್ದಲ್ಲ. ನಾವು ಏಪ್ರಿಲ್‌ನಲ್ಲೇ ಕೆರೆಸಿದ್ದೇವೆ. ಯಾರ ಮಾಡಿನದ್ದು ಅಂತ ಎಲ್ಲರಿಗೂ ಗೊತ್ತು. ಹೋದ ವರ್ಷವೂ ಇದೇ ಪುನರ್ವಸು ಮಳೆಯಲ್ಲಿ ಹೀಗೇ ಆಗಿತ್ತು.

ಪಚ್ಚು, ಮಹಡಿ ಮನೆ · 6:11
ಚೆಂಡು ನಮ್ಮದಲ್ಲ ಅಕ್ಕ. ನಮ್ಮದು ಕೆಂಪು.

ಶಾರದಮ್ಮ · 6:20
ಶುಭೋದಯ. ಇಂದು ಈ ಸಂದೇಶವನ್ನು ಹನ್ನೊಂದು ಜನರಿಗೆ ಕಳಿಸಿದರೆ ಸಂಜೆಯೊಳಗೆ ಸಿಹಿ ಸುದ್ದಿ.

ರಾಯರು, ಕೊನೇ ಮನೆ · 6:34
ನಾನು ಎಷ್ಟು ವರ್ಷದಿಂದ ಬಾಯಿ ಬಡಿದುಕೊಳ್ಳುತ್ತಿದ್ದೇನೆ? 1865ರಲ್ಲಿ ಬಾಸೆಲ್ ಮಿಷನ್‌ನವರು ಮಂಗಳೂರಲ್ಲಿ ಶುರು ಮಾಡಿದ ಹೆಂಚನ್ನು ಇನ್ನೂ ತಲೆ ಮೇಲೆ ಹೊತ್ತುಕೊಂಡಿದ್ದೀರಿ. ಶೀಟು ಹೊದಿಸಿ, ಮುಗೀತು. ನಮ್ಮನೆ ನೋಡಿ.

ರಾಯರು, ಕೊನೇ ಮನೆ · 6:36
ಪಾಚಿಯೂ ಇಲ್ಲ, ಸೋರುವುದೂ ಇಲ್ಲ.

ರಾಯರು, ಕೊನೇ ಮನೆ · 6:37
ಇನ್ನೊಂದು ವಿಷಯ. ಹಲಸಿನ ಮರ. ಈ ಗುಂಪಲ್ಲಿ ಯಾರೂ ಬಾಯಿ ಬಿಡುವುದಿಲ್ಲ, ನಾನೇ ಹೇಳಬೇಕು.

ಗಿರೀಶ · 7:02
ರಾಯರೇ, ಮರ ನಮ್ಮಜ್ಜ ನೆಟ್ಟಿದ್ದು. ನಿಮ್ಮನೆ ಕಟ್ಟುವ ಮೊದಲೇ ಇತ್ತು. ಹಣ್ಣು ಬಂದಾಗ ತೊಳೆ ಬಿಡಿಸಿ ಕಳಿಸಿದರೆ ಯಾರೂ ಬೇಡ ಅನ್ನಲಿಲ್ಲ. ಎಲೆ ಬಿದ್ದರೆ ಮಾತ್ರ ನಮ್ಮದಾ?

ಸವಿತಾ, ಬಾವಿ ಮನೆ · 7:05
ನಾನು ಮರದ ಮಾತೇ ಎತ್ತಿಲ್ಲ. ಬೀಗ ಹಾಕಿದ ಮನೆ ಮಾಡಿನ ಬಗ್ಗೆ ಹೇಳಿದ್ದು. ನಮ್ಮ ಕಿಟಕಿಯಿಂದ ನೋಡಿದರೆ ಆ ಮಾಡು ಕಾಣುವುದಿಲ್ಲ, ಬರೀ ಹಸಿರು.

ಮೇಷ್ಟ್ರು, ಸಂಪಿಗೆ ಮನೆ · 7:25
ಸವಿತಾ, ಮೊದಲು ಯುಪಿಎಸ್ ಪ್ಲಗ್ ತೆಗೆಸಮ್ಮ. ಆಮೇಲೆ ಉಳಿದಿದ್ದು.
ಪಾಚಿಗೆ ಬೇರು ಅಂತ ಇಲ್ಲ. ಹೆಂಚನ್ನು ತಿನ್ನುವುದೂ ಇಲ್ಲ. ನೀರು ಹೀರಿಕೊಂಡು ಕೂರುತ್ತದೆ, ಅಷ್ಟೇ ಅದರ ಕೆಲಸ. ಹೆಂಚು ಆರುವುದೇ ಇಲ್ಲ, ಹೆಂಚು ಕೂರುವ ಮರದ ಪಟ್ಟಿ, ಅದೇ ಅಡಿಯ ರೀಪು, ಲಡ್ಡಾಗುತ್ತದೆ. ಆ ಮಾಡಿನ ಬಡಗಣ ಮಗ್ಗುಲಿಗೆ ಬಿಸಿಲಿಲ್ಲ, ಮೇಲೆ ಮರದ ನೆರಳು. ದಪ್ಪ ಆದ ಮೇಲೆ ಜೋರು ಮಳೆಗೆ ಹೆಂಟೆ ಹೆಂಟೆಯಾಗಿ ಕಳಚಿ ಜಾರುತ್ತದೆ. ಜಾರಿದ್ದು ಎಲ್ಲಿಗೆ ಹೋಗಬೇಕು? ದೋಣಿಗೇ.
ಕೆರೆಯುವ ಕಾಲ ಬೇಸಿಗೆ. ಒಣಗಿದ್ದಾಗ ಮರದ ಚಕ್ಕೆ ತಾಗಿಸಿದರೂ ಏಳುತ್ತದೆ. ತಂತಿ ಬ್ರಷ್ ಹಾಕಬೇಡಿ, ಹೆಂಚಿನ ಮೈ ತರಿಯಾದರೆ ಮುಂದಿನ ವರ್ಷ ಇನ್ನೂ ಜಾಸ್ತಿ ಹಿಡಿಯುತ್ತದೆ. ಕಾರು ತೊಳೆಯುವ ಜೋರು ನೀರಿನ ಯಂತ್ರವೂ ಬೇಡ. ಕೆಳಗಿನಿಂದ ಮೇಲಕ್ಕೆ ಹೊಡೆದರೆ ನೀರು ಹೆಂಚಿನ ಸಂದಿಯಿಂದ ಒಳಗೇ ಬರುತ್ತದೆ. ಕೆರೆಯುವ ಮೊದಲು ಪೈಪಿನ ಬಾಯಿಗೆ ಗೋಣಿ ತುರುಕಿ, ಮುಗಿದ ಮೇಲೆ ಮರೆಯದೆ ತೆಗೀರಿ. ಈಗ ಮಳೆಯಲ್ಲಿ ಮಾಡು ಹತ್ತುವ ಹಾಗಿಲ್ಲ. ಏಣಿ ಮೇಲೆ ನಿಂತು ದೋಣಿ ಬಾಚಿ, ಪೈಪಿನ ಬಾಯಿಗೆ ಜಾಲರಿ ಕೂರಿಸುವುದು, ಇಷ್ಟೇ ಆಗುವ ಕೆಲಸ.

ಪಚ್ಚು, ಮಹಡಿ ಮನೆ · 7:27
ಮೇಷ್ಟ್ರೇ, ಇದು ಪರೀಕ್ಷೆಗೆ ಬರುತ್ತಾ?

ಗಿರೀಶ · 7:40
ತೋಟಕ್ಕೆ ಬೋರ್ಡೋ (ಮೈಲುತುತ್ತ-ಸುಣ್ಣದ ದ್ರಾವಣ) ಹೊಡೆಯುವವರು ನಾಳೆ ಹೇಗೂ ಬರುತ್ತಾರೆ. ಮಾಡಿಗೂ ಒಂದು ಸಲ ಹೊಡೆಸಿಬಿಡಲಾ? ಮೈಲುತುತ್ತಕ್ಕೆ ಪಾಚಿ ಸಾಯುತ್ತದಲ್ವಾ?

ಮೇಷ್ಟ್ರು, ಸಂಪಿಗೆ ಮನೆ · 7:52
ಸಾಯುತ್ತದೆ ಮಾರಾಯ. ಜೊತೆಗೆ ದೋಣಿಯೂ ಸಾಯುತ್ತದೆ. ಮೈಲುತುತ್ತ ಅಂದರೆ ತಾಮ್ರ, ನಮ್ಮ ದೋಣಿ ಸತು ಬಳಿದ ತಗಡು. ತಾಮ್ರದ ನೀರು ಹರಿದರೆ ಸತು ತಿಂದುಹೋಗಿ ತಗಡಿಗೆ ತುಕ್ಕು ಹಿಡಿದು ತೂತು ಬೀಳುತ್ತದೆ. ಮೇಲಾಗಿ ಆ ಪೈಪು ಸವಿತಾ ಮನೆ ಬಾವಿ ಪಕ್ಕದ ಇಂಗುಗುಂಡಿಗೆ ಹೋಗುತ್ತದೆ.

ಸವಿತಾ, ಬಾವಿ ಮನೆ · 7:54
ಯಾರೂ ಏನೂ ಹೊಡೆಯುವುದು ಬೇಡ!

ರಾಯರು, ಕೊನೇ ಮನೆ · 8:10
ಅದಕ್ಕೇ ಹೇಳಿದ್ದು ಶೀಟು. ದೋಣಿಯೂ ಪಿವಿಸಿ ಹಾಕಿಸಿ.

ಸವಿತಾ, ಬಾವಿ ಮನೆ · 8:15
ರಾಯರೇ, ನೀವು ಶೀಟು ಹಾಕಿಸಿದ ಮೇಲೆ ನಿಮ್ಮ ಅರ್ಧ ಮಾಡಿನ ನೀರು ಇದೇ ದೋಣಿಗೆ ಬಿಟ್ಟಿದ್ದೀರಿ. ನೂರು ಚದರ ಮೀಟರ್ ಮಾಡಿಗೆ 50 ಮಿಲಿಮೀಟರ್ ಮಳೆ ಬಿದ್ದರೆ 5,000 ಲೀಟರ್, ಅಂದರೆ ಒಂದು ಟ್ಯಾಂಕರ್ ನೀರು. ನಿಮ್ಮ ಪಾಲು ಅರ್ಧ ಟ್ಯಾಂಕರ್ ಆಯಿತು. ಇಲ್ಲಿ 50 ಅಂದರೆ ಮಳೆ ಅಂತ ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ.

ರಾಯರು, ಕೊನೇ ಮನೆ · 8:16
ನಲವತ್ತು ವರ್ಷ ಸರ್ವೀಸ್ ಮಾಡಿದ್ದೇನೆ. ನನಗೆ ಲೆಕ್ಕ ಹೇಳಿಕೊಡಬೇಡಿ.

ರಾಯರು, ಕೊನೇ ಮನೆ · 8:18
ಇಳಿಜಾರು ಸರಿ ಇದ್ದರೆ ಎಷ್ಟು ನೀರಾದರೂ ಹೋಗುತ್ತದೆ. ಆ ದೋಣಿಗೆ ಇಳಿಜಾರೇ ಇಲ್ಲ. ಕಟ್ಟಿದವರನ್ನು ಕೇಳಿ.

ಗಿರೀಶ · 8:20
ಕಟ್ಟಿದವರು ತೀರಿಕೊಂಡು ಬಹಳ ವರ್ಷ ಆಯಿತು.

ಕಾರ್ತಿಕ್, ಬೆಂಗಳೂರು · 9:31
ಎಲ್ಲರಿಗೂ ನಮಸ್ಕಾರ. ಬೀಗದ ಮನೆ ಅಂತ ಪದೇ ಪದೇ ಬರುತ್ತಿದೆ, ಅದಕ್ಕೆ ಬರೆಯುತ್ತಿದ್ದೇನೆ. ಸವಿತಕ್ಕ, ಕೆರೆಸುವುದಕ್ಕೆ ಎಷ್ಟಾಗುತ್ತದೆ ಹೇಳಿ, ಈಗಲೇ ಹಾಕುತ್ತೇನೆ. ಹೋದ ಸಲ ಬಂದಾಗ ಹೆಂಚು ಕೈಯಾಡಿಸಲು ಇಬ್ಬರಿಗೆ ಹೇಳಿದ್ದೆ, ಇಬ್ಬರೂ ಬರಲಿಲ್ಲ. ಮತ್ತೆ ಒಂದು ಮಾತು: ದೋಣಿಯಲ್ಲಿ ಹೆಂಚಿನ ಚೂರು ಸಿಕ್ಕಿತು ಅಂದಿರಲ್ಲ, ಅದು ಪಾಚಿಯ ಕೆಲಸ ಅಲ್ಲ. ಮಂಗನ ಕೆಲಸ.

ಶಾರದಮ್ಮ · 9:33
ಹೌದಪ್ಪ ಮಂಗ. ನಿನ್ನೆ ನಮ್ಮ ಮಾಡಿನ ಮೇಲೆ ದೊಡ್ಡ ಹಿಂಡೇ ಬಂದಿತ್ತು. ಒಂದು ಗಡವ ಹೆಂಚು ಎತ್ತಿ ಒಳಗೆ ಇಣುಕಿ ನೋಡಿತು. ನಾನು ಉಪ್ಪಿಟ್ಟು ಮಾಡುತ್ತಿದ್ದೆ.

ಪಚ್ಚು, ಮಹಡಿ ಮನೆ · 9:34
ಈರುಳ್ಳಿ ಹಾಕಿದ್ರಾ ಅಂತ ನೋಡಿರಬೇಕು.

ಕಾರ್ಯದರ್ಶಿ · 10:05
ಎಲ್ಲರೂ ಸ್ವಲ್ಪ ಸಮಾಧಾನ. ಏಣಿಯವನಿಗೆ ಫೋನ್ ಮಾಡಿದ್ದೆ. ಮಳೆ ಬಿಡುವು ಕೊಡದೆ ಹತ್ತುವುದಿಲ್ಲ ಅಂದ. ನ್ಯಾಯವೇ. ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಗಣಪತಿ ಕಟ್ಟೆಯಲ್ಲಿ ಸೇರೋಣ. ದೋಣಿ ಹಂಚಿಕೊಂಡ ಮನೆಯವರು ತಲಾ 300 ರೂಪಾಯಿ. ಜಾಲರಿ ನಾನು ತರುತ್ತೇನೆ.

ರಾಯರು, ಕೊನೇ ಮನೆ · 10:07
ನಮ್ಮ ಮಾಡಲ್ಲಿ ಪಾಚಿ ಇಲ್ಲ. ನಾನು ಯಾಕೆ ಕೊಡಬೇಕು?

ಗಿರೀಶ · 10:08
ಹಾಗಾದರೆ ನಾನು ಎಲೆಯ ಪಾಲು ಮಾತ್ರ ಕೊಡುತ್ತೇನೆ. ತೂಕ ಹಾಕಿ ಹೇಳಿ.

ಮೇಷ್ಟ್ರು, ಸಂಪಿಗೆ ಮನೆ · 10:15
ದೋಣಿಯಲ್ಲಿ ಕೊಳೆತ ಎಲೆ, ನಿಂತ ನೀರು. ಹತ್ತು ದಿನದೊಳಗೆ ಸೊಳ್ಳೆ ಎದ್ದು ಬರುತ್ತದೆ. ಡೆಂಗಿ ಸೊಳ್ಳೆ ಯಾರು ಕಾಸು ಕೊಟ್ಟರು ಅಂತ ಕೇಳಿ ಕಚ್ಚುವುದಿಲ್ಲ. ನನ್ನ 300 ಬರೆದುಕೊಳ್ಳಿ.

ರಾಯರು, ಕೊನೇ ಮನೆ · 10:21
ಸಭೆ ಮಾಡುವುದಾದರೆ ಮಂಗದ ವಿಷಯ ಮೊದಲು ಎತ್ತಿ. ನಮ್ಮ ಶೀಟಿನ ಮೇಲೆ ಕುಣಿದರೆ ಮದ್ದಳೆ ಬಡಿದ ಹಾಗೆ. ಮಧ್ಯಾಹ್ನ ಕಣ್ಣು ಮುಚ್ಚುವ ಹಾಗಿಲ್ಲ.

ಶಾರದಮ್ಮ · 10:24
ರಾಯರು ಹೇಳಿದ್ದು ಸರಿ.

ಪಚ್ಚು, ಮಹಡಿ ಮನೆ · 10:26
2019ರಲ್ಲಿ ನಮ್ಮ ನಾಲೂರು ಕಡೆಯವರು ಮಂಗ ಓಡಿಸಲು ನಾಯಿಗೇ ಹುಲಿ ಪಟ್ಟೆ ಬಳಿದಿದ್ದು ಪೇಪರಲ್ಲೆಲ್ಲ ಬಂದಿತ್ತು. ನಮ್ಮ ಬೀದಿಯ ಕರಿಯನಿಗೂ ಬಳಿಯೋಣ.

ಗಿರೀಶ · 10:28
ಕರಿಯ ಕಪ್ಪು ನಾಯಿ ಕಣೋ. ಪಟ್ಟೆ ಎಲ್ಲಿ ಕಾಣುತ್ತೆ?

ಕಾರ್ತಿಕ್, ಬೆಂಗಳೂರು · 10:40
ನಾಯಿ ಬೇಡ, ಮಂಗ ಹೆದರಿಸಲು ಹುಲಿ ಬೊಂಬೆ ಇಡೋಣ. ಅದಕ್ಕಾದರೆ ನಾನು 1,000 ಕೊಡುತ್ತೇನೆ.

ರಾಯರು, ಕೊನೇ ಮನೆ · 10:41
ನಾನೂ 500.

ಸವಿತಾ, ಬಾವಿ ಮನೆ · 10:44
ದೋಣಿಗೆ 300 ಇರಲಿಲ್ಲ, ಬೊಂಬೆಗೆ 500 ಇದೆ!

ಕಾರ್ಯದರ್ಶಿ · 11:10
ಭಾನುವಾರದ ಸಭೆ: 1) ಮಂಗಗಳ ಕಾಟ 2) ಬೊಂಬೆ ಖರೀದಿ 3) ಇತರೆ. ದೋಣಿ ವಿಷಯ ‘ಇತರೆ’ಯಲ್ಲಿ ತೆಗೆದುಕೊಳ್ಳೋಣ. ಸವಿತಾ ಮೇಡಂ, ದಯವಿಟ್ಟು ಬೇಜಾರು ಮಾಡಿಕೊಳ್ಳಬೇಡಿ.

ಸವಿತಾ, ಬಾವಿ ಮನೆ · 11:12
ನಮ್ಮನೆಯಲ್ಲಿ ಬಕೆಟ್ ಸಾಲುತ್ತಿಲ್ಲ. ಯಾರ ಹತ್ತಿರವಾದರೂ ದೊಡ್ಡ ಟಾರ್ಪಾಲು ಇದ್ದರೆ ಸಂಜೆಯೊಳಗೆ ಕಳಿಸಿ.

ಮೇಷ್ಟ್ರು, ಸಂಪಿಗೆ ಮನೆ · 11:13
ಇದೆ. ನಾನೇ ತರುತ್ತೇನೆ, ಏಣಿ ಹಿಡಿಯಲು ಪಚ್ಚುವನ್ನೂ ಕರೆತರುತ್ತೇನೆ.

ಪಚ್ಚು, ಮಹಡಿ ಮನೆ · 11:20
ಬಂದೆ ಮೇಷ್ಟ್ರೇ. ಕಾರ್ಯದರ್ಶಿಗಳೇ, ಪೇಟೆಯಲ್ಲಿದ್ದೇನೆ. ಹುಲಿ ಎರಡು ಸೈಜ್ ಇದೆ, ದೊಡ್ಡದಕ್ಕೆ ಬಾಲ ಇಲ್ಲ. ಯಾವುದು ತರಲಿ?