ಊದಿದ್ದು ಯಾರು?

ನಮ್ಮ ‘ಅಜ್ಜಿಮನೆ ಬಳಗ’ ವಾಟ್ಸಾಪ್ ಗುಂಪಿನಲ್ಲಿ ಮೂವತ್ತೊಂದು ಜನ ಇದ್ದೇವೆ. ಭಾನುವಾರ ಬೆಳಗ್ಗೆ ಏಳಕ್ಕೆ ಚಿಕ್ಕಮ್ಮನ ಗುಲಾಬಿ ಹೂವಿನ ಶುಭೋದಯ ಬರುತ್ತದೆ. ಏಳೂಕಾಲಿಗೆ ದೊಡ್ಡಮಾವನ ಸುಭಾಷಿತ. ಆಮೇಲೆ ಊಟದ ಹೊತ್ತಿನವರೆಗೆ ಸದ್ದಿರುವುದಿಲ್ಲ. ಹೋದ ಭಾನುವಾರ ಮಾತ್ರ 7:40ಕ್ಕೆ ರಘು ಅಣ್ಣ ಒಂದು ಫಾರ್ವರ್ಡ್ ಹಾಕಿದ. ಊರೆಲ್ಲ ಸುತ್ತಿ ಬಂದದ್ದು. ತಲೆಯ ಮೇಲೆ ಜೋಡಿ ಬಾಣ ಇತ್ತು.

“ನೀವು 90ರ ದಶಕದ ಮಕ್ಕಳೇ? ವಿಡಿಯೋ ಗೇಮ್ ಕ್ಯಾಸೆಟ್ ಊದಿದರೆ ಸರಿಹೋಗುತ್ತದೆ ಎಂದು ನಂಬಿದ್ದಿರಾ? ಶುದ್ಧ ಸುಳ್ಳು!! ಬಾಯಿಯ ತೇವಕ್ಕೆ ಒಳಗಿನ ಪಿನ್ನುಗಳು ಕಿಲುಬು ಹಿಡಿದು ಕ್ಯಾಸೆಟ್ ಸಾಯುತ್ತದೆ. ನಿಂಟೆಂಡೊ ಕಂಪನಿಯೇ ಊದಬೇಡಿ ಎಂದು ಹೇಳಿದೆ. ಮುಂದೆ ಓದಿ...”

‘ಮುಂದೆ ಓದಿ’ ಒತ್ತಿದವರು ಆ ಹೊತ್ತಿಗೆ ಒಬ್ಬರೂ ಇಲ್ಲ. ಯಾಕೆಂದರೆ ಅದರ ಕೆಳಗೇ ರಘು ಅಣ್ಣನ ಸ್ವಂತ ಮಾತು ಬಂದಿತ್ತು.

ರಘು ಅಣ್ಣ: ಎಲ್ಲರೂ ಓದಿಕೊಳ್ಳಿ. 1997ರಿಂದ ನಾನು ಹೇಳುತ್ತಿರುವುದು ಇದನ್ನೇ. ನಾನು ಒಂದೇ ಒಂದು ಸಲ ಊದಿಲ್ಲ.

ಮಧು ಅಣ್ಣ: ಸೋರ್ಸ್ ಎಲ್ಲಿ?

ಮಧು ಅಣ್ಣ ಹುಟ್ಟಿದಾಗ ಅತ್ತದ್ದೂ ‘ಸೋರ್ಸ್ ಎಲ್ಲಿ’ ಎಂದೇ ಇರಬೇಕು. ಬಿಸಿನೀರಿಗೆ ನಿಂಬೆ ಹಿಂಡಿ ಕುಡಿಯಿರಿ ಎಂದರೂ ಕೇಳುತ್ತಾನೆ. ಆದರೆ ಈ ಸಲ ಅವನ ಪ್ರಶ್ನೆಗೆ ಬೇರೆ ಕಾರಣ ಇತ್ತು. ಊದಿದ್ದು ಅವನೇ.

ಗೊತ್ತಿಲ್ಲದ ಅಳಿಯಂದಿರಿಗೂ ಸೊಸೆಯಂದಿರಿಗೂ ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು. 1997ರ ಬೇಸಿಗೆ ರಜೆ, ತಿಪಟೂರಿನ ಅಜ್ಜಿಮನೆ. ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಿಂದ ದಿನಕ್ಕೆ 30 ರೂಪಾಯಿ ಬಾಡಿಗೆಗೆ ಒಂದು ವಿಡಿಯೋ ಗೇಮ್ ತಂದಿದ್ದೆವು. ನಿಂಟೆಂಡೊ ಕಂಪನಿ 1983ರಲ್ಲಿ ಜಪಾನಿನಲ್ಲಿ ಫ್ಯಾಮಿಕಾಮ್ ಎಂಬ ಯಂತ್ರ ಬಿಟ್ಟಿತಲ್ಲ, ಅದರ ನಕಲು. ನಮ್ಮ ಕಡೆ ಸಿಗುತ್ತಿದ್ದದ್ದೆಲ್ಲ ನಕಲೇ. ಕ್ಯಾಸೆಟ್ ಮೇಲೆ ‘9999 ಇನ್ 1’ ಎಂದು ಬರೆದಿತ್ತು. ಇದ್ದದ್ದು ಏಳೋ ಎಂಟೋ ಆಟ, ಅವನ್ನೇ ಬೇರೆ ಬೇರೆ ಹೆಸರಲ್ಲಿ ತಿರುಗಿಸಿ ತಿರುಗಿಸಿ ತೋರಿಸುತ್ತಿತ್ತು. ನಾಲ್ಕನೇ ದಿನ ಕ್ಯಾಸೆಟ್ ಸತ್ತಿತು. ಅಂಗಡಿಯವನು 250 ರೂಪಾಯಿ ಕೇಳಿದ. ಅಜ್ಜ ಕೊಟ್ಟರು. ಆ ಗಳಿಗೆಯಲ್ಲಿ ಕ್ಯಾಸೆಟ್ ಕೈಯಲ್ಲಿ ಹಿಡಿದಿದ್ದ ರಘು ಅಣ್ಣನಿಗೆ ದೊಡ್ಡಮಾವನಿಂದ ಎರಡು ಬಿತ್ತು. ಉಳಿದ ರಜೆಯೆಲ್ಲ ಚೌಕಾಬಾರ.

ರಘು ಅಣ್ಣ: ಸೋರ್ಸ್ ನಾನೇ. ಕಣ್ಣಾರೆ ನೋಡಿದ್ದೇನೆ. ನೀನು ನಾದಸ್ವರ ಊದಿದ ಹಾಗೆ ಊದುತ್ತಿದ್ದೆ.

ಮಧು ಅಣ್ಣ: ನಿಂಟೆಂಡೊ ಹೇಳಿದ್ದು ನಿಜ ಇರಬಹುದು. ಆದರೆ ಕಿಲುಬು ಹಿಡಿಯಲು ತಿಂಗಳುಗಟ್ಟಲೆ ಬೇಕು. ನಾಲ್ಕು ದಿನಕ್ಕೆ ಹಿಡಿಯಲ್ಲ. ಅಮೆರಿಕದ ಯಂತ್ರದಲ್ಲಿ ಕ್ಯಾಸೆಟ್ ಮುಂದಿನಿಂದ ತಳ್ಳಿ ಕೆಳಗೆ ಒತ್ತಬೇಕಿತ್ತು. 72 ಪಿನ್. ಅದು ಸಡಿಲವಾಗಿ ಜಾಸ್ತಿ ಕೈಕೊಡುತ್ತಿತ್ತು. ನಮ್ಮದು ಮೇಲಿನಿಂದ ಹಾಕುವುದು, 60 ಪಿನ್. ಊದಿದ್ದರಿಂದ ಸರಿಹೋಗುತ್ತಿರಲಿಲ್ಲ, ತೆಗೆದು ಮತ್ತೆ ಹಾಕಿದ್ದರಿಂದ ಪಿನ್ನು ಸರಿಯಾಗಿ ಕೂರುತ್ತಿತ್ತು. ಅಷ್ಟೇ.

ರಘು ಅಣ್ಣ: ಅಂದರೆ ಊದಿದ್ದು ಒಪ್ಪಿಕೊಂಡೆ.

ಮಧು ಅಣ್ಣ ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಆದರೆ ನಮ್ಮ ಮನೆಯಲ್ಲಿ ಸರಿಯಾಗಿ ಮಾತಾಡಿದವರಿಗೆ ಗೆಲುವು ಸಿಕ್ಕ ಉದಾಹರಣೆ ಇಲ್ಲ.

ದೊಡ್ಡಮಾವ: ಬೆಳಗ್ಗೆ ಎದ್ದು ದೇವರ ಸ್ಮರಣೆ ಇಲ್ಲ. ಮೊಬೈಲ್, ವಿಡಿಯೋ ಗೇಮ್. ನಾವು ಚಿನ್ನಿದಾಂಡು, ಲಗೋರಿ ಆಡಿ ಬೆಳೆದೆವು. ಕನ್ನಡಕ ಇರಲಿಲ್ಲ.

ಚಿಕ್ಕಮ್ಮ: 🙏🙏 ಸತ್ಯವಾದ ಮಾತು ಅಣ್ಣ

ಶೈಲಕ್ಕ: ಅಯ್ಯೋ ತಿಪಟೂರು ಅಂದ ತಕ್ಷಣ ಕಣ್ಣಲ್ಲಿ ನೀರು ಬಂತು. ಅಜ್ಜಿ ಮಹಡಿ ಮೇಲೆ ಹಪ್ಪಳ ಒಣಗಿಸಿ ನಮ್ಮನ್ನು ಕಾಗೆ ಓಡಿಸಲು ಕೂರಿಸುತ್ತಿದ್ದರು. ಹಸಿ ಹಪ್ಪಳದ ಹಿಟ್ಟು ಕದ್ದು ತಿನ್ನುತ್ತಿದ್ದೆವು. ಆ ಟಿವಿ ನೆನಪಿದೆಯಾ? ಮರದ ಶಟರ್ ಇತ್ತು.

ಶೈಲಕ್ಕ ನ್ಯೂಜೆರ್ಸಿಯಲ್ಲಿದ್ದಾಳೆ, ಮಧು ಅಣ್ಣನ ಅಕ್ಕ. ಅಲ್ಲಿ ರಾತ್ರಿ ಹತ್ತೂವರೆ ಆಗಿತ್ತು. ಆ ಹೊತ್ತಿಗೆ ಅವಳಿಗೆ ಹಪ್ಪಳ ನೆನಪಾದರೆ ಯಾರೂ ತಡೆಯಲು ಆಗುವುದಿಲ್ಲ. ಅರ್ಧ ಗಂಟೆ ಕೈಮಾ ಉಂಡೆ, ಪೆಪ್ಸಿ ಐಸು, ಬಾವಿಯಲ್ಲಿ ಬಿದ್ದ ಚೊಂಬು ಎಲ್ಲ ಬಂದು ಹೋದವು. ಆಮೇಲೆ ಅವಳೇ ಬೆಂಕಿ ಹಚ್ಚಿದಳು.

ಶೈಲಕ್ಕ: ಏನೇ ಹೇಳಿ, ಮಾರಿಯೋ ಮುಂದೆ ಬೇರೆ ಆಟ ಇಲ್ಲ. ಇಲ್ಲಿ ನನ್ನ ಮಗ ಆಡುತ್ತಾನೆ. ಬಣ್ಣ ನೋಡಿದರೆ ನನಗೆ ಆಗಲ್ಲ. ನನ್ನ ಮಾರಿಯೋ ಬೂದಿ ಬಣ್ಣದ ಅಂಗಿ ಹಾಕಿಕೊಂಡಿದ್ದ.

ನಮ್ಮದು ಕಪ್ಪು-ಬಿಳುಪು ಟಿವಿ. ಮಾರಿಯೋ ಅಂಗಿ ಕೆಂಪು ಎಂದು ನನಗೆ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ. ಆ ಆಟದಲ್ಲಿ ಮೋಡಕ್ಕೂ ಪೊದೆಗೂ ಒಂದೇ ಚಿತ್ರ, ಬಣ್ಣ ಮಾತ್ರ ಬೇರೆ. ಜಾಗ ಉಳಿಸಲು ಹಾಗೆ ಮಾಡಿದ್ದರಂತೆ. ಇದನ್ನು ಈಗ ಎಲ್ಲರೂ ದೊಡ್ಡ ಗುಟ್ಟು ಎಂಬಂತೆ ಹಂಚಿಕೊಳ್ಳುತ್ತಾರೆ. ನಮಗೆ ಮೊದಲ ದಿನವೇ ಗೊತ್ತಿತ್ತು. ನಮ್ಮ ಟಿವಿಯಲ್ಲಿ ಮೋಡ ನೆಲದ ಮೇಲೂ ಬೆಳೆಯುತ್ತಿತ್ತು.

ಗುರು: ಅಕ್ಕ, ಅದು ಆಟವೇ ಅಲ್ಲ. ಎಡಕ್ಕೆ ವಾಪಸ್ ಹೋಗಲೂ ಆಗಲ್ಲ. ಒಂದೇ ಸಮ ಬಲಕ್ಕೆ ಓಡುವುದು. ಎಲ್ಡನ್ ರಿಂಗ್ ಆಡಿ ನೋಡಿ.

ಗುರು ಚಿಕ್ಕಮ್ಮನ ಮಗ. 1997ರಲ್ಲಿ ಹುಟ್ಟಿರಲೂ ಇಲ್ಲ. ಮೊದಲ ಸಂಬಳದಲ್ಲಿ ಪ್ಲೇಸ್ಟೇಷನ್ 5 ತೆಗೆದುಕೊಂಡ. ಅಜ್ಜಿಗೆ ಸೀರೆ ತರಲಿಲ್ಲ. ಈ ವಿಷಯ ಗುಂಪಿನಲ್ಲಿ ವರ್ಷಕ್ಕೆ ಎರಡು ಸಲ ಬರುತ್ತದೆ.

ಮಧು ಅಣ್ಣ: ಗುರು, ಆ ಮಾರಿಯೋ 1985ರದ್ದು. 32 ಹಂತ, ಸಂಗೀತ, ಎಲ್ಲ ಸೇರಿ 40 ಕೆಬಿ. ನಿನ್ನ ಅಮ್ಮ ಕಳಿಸುವ ಒಂದು ಗುಲಾಬಿ ಹೂವು ಅದಕ್ಕಿಂತ ಭಾರ.

ಚಿಕ್ಕಮ್ಮ: 🌹🙏

ರಘು ಅಣ್ಣ: ಕಾಂಟ್ರಾ ಮುಂದೆ ಎಲ್ಲವೂ ಸಪ್ಪೆ. ಇಬ್ಬರು ಒಟ್ಟಿಗೆ ಆಡಬಹುದಿತ್ತು. ಆ ‘ಎಸ್’ ಗನ್ ಸಿಕ್ಕರೆ ಐದು ಕಡೆ ಗುಂಡು. ಅದಕ್ಕಿಂತ ದೊಡ್ಡ ಸುಖ ನನಗೆ ಮದುವೆಯಲ್ಲೂ ಸಿಕ್ಕಿಲ್ಲ.

ಇದಕ್ಕೆ ರಘು ಅಣ್ಣನ ಹೆಂಡತಿ ಒಂದು ಹೆಬ್ಬೆಟ್ಟು ಹಾಕಿದರು. ಅಷ್ಟೇ ಹಾಕಿದರು.

ಮಧು ಅಣ್ಣ: ಕಾಂಟ್ರಾ ನೀನು 30 ಜೀವ ಇಟ್ಟುಕೊಂಡು ಆಡಿದವನು. ಶುರುವಿನಲ್ಲೇ ಮೇಲೆ ಮೇಲೆ ಕೆಳಗೆ ಕೆಳಗೆ ಎಡ ಬಲ ಎಡ ಬಲ ಬಿ ಎ ಅಂತ ಗುಂಡಿ ಒತ್ತಿ. ಅದನ್ನು ಆಟ ಅನ್ನಲ್ಲ.

ರಘು ಅಣ್ಣ: ಕೋಡ್ ಕಲಿಸಿದ್ದು ನೀನು!

ಮಧು ಅಣ್ಣ: ಕಲಿಸಿದೆ, ನಾನು ಬಳಸಲಿಲ್ಲ. ಅದನ್ನು ಮಾಡಿದ್ದು ಕಝುಹಿಸಾ ಹಾಶಿಮೊಟೊ ಎಂಬ ಜಪಾನಿನವರು. 1986ರ ಗ್ರೇಡಿಯಸ್ ಆಟಕ್ಕೆ. ಪರೀಕ್ಷೆ ಮಾಡಿ ನೋಡಲು ಅವರಿಗೇ ಆ ಆಟ ಕಷ್ಟವಾಗಿತ್ತಂತೆ. 2020ರಲ್ಲಿ ತೀರಿಕೊಂಡರು.

ದೊಡ್ಡಮಾವ: ಓಂ ಶಾಂತಿ. ಯಾರು ತೀರಿಕೊಂಡದ್ದು?

ಚಿಕ್ಕಮ್ಮ: ಅಯ್ಯೋ ಯಾರು?? ನಮಗೆ ತಿಳಿಸಲೇ ಇಲ್ಲ 😭

ಜಪಾನಿನವರು, ನಮ್ಮವರಲ್ಲ ಎಂದು ಬಿಡಿಸಿ ಹೇಳಲು ಹತ್ತು ನಿಮಿಷ ಹಿಡಿಯಿತು. ಅಷ್ಟರಲ್ಲಿ ಮೂರು ಜನ ‘ಓಂ ಶಾಂತಿ’ ಹಾಕಿ ಆಗಿತ್ತು. ಅದರಲ್ಲಿ ಒಬ್ಬರು ರಘು ಅಣ್ಣನ ಮಾವ. ಅವರು ಗುಂಪಿನಲ್ಲಿ ಮಾತಾಡುವುದೇ ಸಾವಿನ ಸುದ್ದಿಗೆ.

ರಘು ಅಣ್ಣ: ವಿಷಯ ಬದಲಿಸಬೇಡ. ಜಲಪಾತದ ಹಂತದಲ್ಲಿ ನನ್ನನ್ನು ಕೊಂದದ್ದು ಯಾರು? ನೀನು ದಡದಡ ಮೇಲೆ ಹತ್ತುತ್ತಿದ್ದೆ. ಸ್ಕ್ರೀನ್ ಮೇಲಕ್ಕೆ ಸರಿಯುತ್ತಿತ್ತು. ಕೆಳಗೆ ಉಳಿದವನು ಸಾಯುತ್ತಿದ್ದ. ಅದಕ್ಕೇ ನನಗೆ 30 ಜೀವ ಬೇಕಾಗಿದ್ದದ್ದು.

ಇದು ಮಾತ್ರ ಪೂರ್ತಿ ಸತ್ಯ. ಕಾಂಟ್ರಾದ ಮೂರನೇ ಹಂತದಲ್ಲಿ ಎಷ್ಟು ಅಣ್ಣತಮ್ಮಂದಿರ ಸಂಬಂಧ ಹಾಳಾಗಿದೆಯೋ, ಆಸ್ತಿ ಭಾಗದಲ್ಲೂ ಅಷ್ಟು ಹಾಳಾಗಿರಲಿಕ್ಕಿಲ್ಲ. ಶತ್ರು ಗುಂಡು ಹಾರಿಸಿ ಕೊಂದರೆ ಬೇಜಾರಿಲ್ಲ. ಪಕ್ಕದಲ್ಲೇ ಚಾಪೆ ಮೇಲೆ ಕೂತವನು ಅವಸರ ಮಾಡಿ ಕೊಂದರೆ ಅದು ಉಳಿದುಬಿಡುತ್ತದೆ.

ಗುರು: ಎಲ್ಡನ್ ರಿಂಗ್ ನಿಜವಾದ ಕಷ್ಟ. ಅದರಲ್ಲಿ ಪಾಸ್ ಕೂಡ ಇಲ್ಲ.

ದೊಡ್ಡಮಾವ: ಯಾವ ಸಬ್ಜೆಕ್ಟ್?

ಗುರು: ಮಾವ, ಹಾಗಲ್ಲ. ಆಟದ ಮಧ್ಯೆ ನಿಲ್ಲಿಸಲು ಆಗಲ್ಲ ಅಂತ. ಅಮ್ಮ ಊಟಕ್ಕೆ ಕರೆದರೆ ಸಾಯಲೇಬೇಕು.

ದೊಡ್ಡಮಾವ: ಪಾಸ್ ಆಗದಿದ್ದರೆ ಮತ್ತೆ ಕಟ್ಟಬೇಕು. ಸಾಯುವ ಮಾತು ಆಡಬಾರದು.

ದೊಡ್ಡಮಾವ ಮೂವತ್ತು ವರ್ಷ ಗಣಿತದ ಮೇಷ್ಟರಾಗಿದ್ದವರು. ಅವರ ಲೆಕ್ಕದಲ್ಲಿ ಪಾಸ್‌ಗೆ ಒಂದೇ ಅರ್ಥ. ಗುರು ಬಿ.ಇ. ಮುಗಿಸಿ ಕೆಲಸಕ್ಕೆ ಸೇರಿ ಎರಡು ವರ್ಷ ಆಯಿತು ಎಂಬುದನ್ನು ಯಾರೂ ನೆನಪಿಸಲು ಹೋಗಲಿಲ್ಲ.

ದೊಡ್ಡಮಾವ: ಇಷ್ಟು ಬುದ್ಧಿ ಇರುವವರು ನಮ್ಮ ಆಂಜನೇಯನ ಮೇಲೆ ಒಂದು ಆಟ ಮಾಡಬಾರದೆ? ಚಿನ್ನಿದಾಂಡು ಉಳಿಸಬಾರದೆ?

ಮಧು ಅಣ್ಣ: ಎರಡೂ ಆಗಿದೆ ಮಾವ. 2009ರಲ್ಲೇ. ಪ್ಲೇಸ್ಟೇಷನ್ 2ಕ್ಕೆ ‘ಹನುಮಾನ್: ಬಾಯ್ ವಾರಿಯರ್’ ಬಂತು, ಹೈದರಾಬಾದಿನಲ್ಲಿ ಮಾಡಿದ್ದು. ‘ದೇಸಿ ಅಡ್ಡಾ’ ಅಂತ ಇನ್ನೊಂದು, ಅದರಲ್ಲಿ ಕಬಡ್ಡಿ, ಗಾಳಿಪಟ, ಚಿನ್ನಿದಾಂಡು ಎಲ್ಲ ಇತ್ತು.

ದೊಡ್ಡಮಾವ: ಸಂತೋಷ. ಚೆನ್ನಾಗಿತ್ತೆ?

ಇಲ್ಲಿ ಮಧು ಅಣ್ಣ ಸುಮ್ಮನಾದ. ಗುರು ಸುಮ್ಮನಾಗಲಿಲ್ಲ.

ಗುರು: ಹನುಮಾನ್ ನಾನು ಆಡಿದ್ದೇನೆ. ಏನೂ ಹೇಳದಿರುವುದೇ ಒಳ್ಳೆಯದು.

ದೊಡ್ಡಮಾವ: ದೇವರ ವಿಷಯದಲ್ಲಿ ಹಗುರ ಮಾತು ಬೇಡ.

ದೇವರನ್ನು ಗುಂಡಿ ಒತ್ತಿ ಕುಣಿಸುವುದು ಸರಿಯಲ್ಲ ಎಂಬ ಆಕ್ಷೇಪ ಆ ಆಟ ಬಂದಾಗಲೂ ಕೇಳಿಬಂದಿತ್ತು. ನಾನು ಅದನ್ನು ಬರೆಯಲು ಹೋಗಿ ಅಳಿಸಿದೆ. ಬರೆದಿದ್ದರೆ ಚೆನ್ನಾಗಿತ್ತು. ಚರ್ಚೆ ಅತ್ತ ಹೋಗಿ ನಾನು ಬಚಾವ್ ಆಗುತ್ತಿದ್ದೆ. ಯಾಕೆಂದರೆ ಅಷ್ಟರಲ್ಲಿ ರಘು ಅಣ್ಣ ಮತ್ತೆ ಕ್ಯಾಸೆಟ್‌ಗೆ ಬಂದ, ಮಧು ಅಣ್ಣ ತಪ್ಪಿಸಿಕೊಳ್ಳಲು ದಾರಿ ಹುಡುಕಿದ.

ಮಧು ಅಣ್ಣ: ರಘು, ಒಂದು ಪ್ರಶ್ನೆ. ಟಿವಿಗೆ ಗನ್ ಹಿಡಿದು ಬಾತುಕೋಳಿ ಹೊಡೆಯುವ ಆ ಡಕ್ ಹಂಟ್‌ನಲ್ಲಿ ನೀನು ಯಾವತ್ತಾದರೂ ಗೆದ್ದಿದ್ದೀಯಾ?

ರಘು ಅಣ್ಣ: ಗನ್ ಸರಿ ಇರಲಿಲ್ಲ.

ಮಧು ಅಣ್ಣ: ಗನ್ ಸರಿ ಇತ್ತು. ಟ್ರಿಗರ್ ಒತ್ತಿದರೆ ಸ್ಕ್ರೀನ್ ಒಂದು ಕ್ಷಣ ಕಪ್ಪಾಗುತ್ತದೆ, ಬಾತುಕೋಳಿ ಇದ್ದ ಜಾಗದಲ್ಲಿ ಬಿಳಿ ಚೌಕ ಬರುತ್ತದೆ. ಆ ಬೆಳಕು ಗನ್ನಿಗೆ ಕಂಡರೆ ಬಿತ್ತು. ಹಳೇ ಡಬ್ಬಾ ಟಿವಿಯಲ್ಲಿ ಮಾತ್ರ ನಡೆಯುವ ಕೆಲಸ. ಈಗಿನ ಎಲ್‌ಇಡಿ ಟಿವಿಯಲ್ಲಿ ಆ ಗನ್ ನಡೆಯಲ್ಲ. ಅದಿರಲಿ. ಅದರಲ್ಲೇ ಒಂದೊಂದೇ ಬಾತುಕೋಳಿ ಬರುವ ಆಟ ಇತ್ತಲ್ಲ, ಅದರಲ್ಲಿ ಜಾಯ್‌ಸ್ಟಿಕ್ ಹಿಡಿದವರು ಬಾತುಕೋಳಿಯನ್ನು ಬೇಕಾದ ಕಡೆ ಓಡಿಸಬಹುದು. ನೀನು ಗುರಿ ಇಡುವಾಗ ಜಾಯ್‌ಸ್ಟಿಕ್ ಯಾರ ಹತ್ತಿರ ಇತ್ತು?

ಎರಡು ನಿಮಿಷ ಯಾರೂ ಏನೂ ಬರೆಯಲಿಲ್ಲ. ನನ್ನ ಹೆಸರಿನ ಮುಂದೆ ‘@’ ಗುರುತು ಬಂತು.

ರಘು ಅಣ್ಣ: ಪುಟ್ಟೀ??

ನನಗೆ ಆಗ ಒಂಬತ್ತು ವರ್ಷ. ಜಾಯ್‌ಸ್ಟಿಕ್ ನನ್ನ ಲಂಗದ ಮಡಿಲಲ್ಲಿ ಇರುತ್ತಿತ್ತು. ರಘು ಅಣ್ಣ ಎಡಗಣ್ಣು ಮುಚ್ಚಿ, ನಾಲಿಗೆ ತುದಿ ಹೊರಗೆ ಹಾಕಿ, ಉಸಿರು ಹಿಡಿದು ಗುರಿ ಇಡುತ್ತಿದ್ದ. ನಾನು ಹೆಬ್ಬೆರಳಲ್ಲಿ ಮೆಲ್ಲಗೆ ಬಲಕ್ಕೆ ಒತ್ತುತ್ತಿದ್ದೆ. ಬಾತುಕೋಳಿ ತಪ್ಪಿಸಿಕೊಳ್ಳುತ್ತಿತ್ತು. ಹುಲ್ಲಿನ ಮರೆಯಿಂದ ನಾಯಿ ಎದ್ದು ಬಾಯಿ ಮುಚ್ಚಿಕೊಂಡು ನಗುತ್ತಿತ್ತು. ಮಧು ಅಣ್ಣ ನಗುತ್ತಿರಲಿಲ್ಲ. ಸುಮ್ನೆ ಎದ್ದು ಹೋಗಿ ನನಗೊಂದು ಪೆಪ್ಸಿ ಐಸು ತರುತ್ತಿದ್ದ. ಕಿತ್ತಳೆ ಬಣ್ಣದ್ದು. ನಾಲ್ಕು ದಿನಕ್ಕೆ ನಾಲ್ಕು.

ನಾನು: ಅಣ್ಣ, ನನಗೆ ಒಂಬತ್ತು ವರ್ಷ.

ರಘು ಅಣ್ಣ: ಆ ನಾಯಿ ನಕ್ಕಿದ್ದಕ್ಕೆ ನಾನು ಅವತ್ತು ಅತ್ತಿದ್ದೆ.

ಶೈಲಕ್ಕ: ಅದಕ್ಕೇನಾ ನೀನು ಬಾವಿಕಟ್ಟೆ ಹಿಂದೆ ಕೂತಿದ್ದದ್ದು? ಅಯ್ಯೋ ಆ ಬಾವಿಕಟ್ಟೆ! ಪಕ್ಕದಲ್ಲೇ ಕನಕಾಂಬರ ಇತ್ತು...

ಮತ್ತೆ ಹತ್ತು ಮೆಸೇಜ್ ಕನಕಾಂಬರ. ರಘು ಅಣ್ಣ ಹನ್ನೊಂದೂವರೆಗೆ ಗುಂಪು ಬಿಟ್ಟ. ಹನ್ನೆರಡಕ್ಕೆ ದೊಡ್ಡಮಾವ ವಾಪಸ್ ಸೇರಿಸಿದರು. ‘ರಕ್ತಸಂಬಂಧ’ ಎಂದು ಒಂದು ಪದದ ಮೆಸೇಜ್ ಹಾಕಿದರು. ಹೊಡೆದ ಎರಡು ಏಟಿನ ವಿಷಯ ಅವರೂ ಎತ್ತಲಿಲ್ಲ, ಇವನೂ ಎತ್ತಲಿಲ್ಲ.

ಸಂಜೆ ಕಾಫಿ ಹಿಡಿದು ಕೂತಾಗ ನಾನು ‘ಮುಂದೆ ಓದಿ’ ಒತ್ತಿದೆ. ಕಿಲುಬಿನ ಕಥೆ ಎರಡು ಸಾಲಿಗೆ ಮುಗಿದಿತ್ತು. ಅದರ ಕೆಳಗೆ: “ಆ ಚಿನ್ನದ ದಿನಗಳು ಮತ್ತೆ ಬೇಕೇ? 620 ಆಟ, ಎರಡು ಜಾಯ್‌ಸ್ಟಿಕ್, ಗನ್ ಉಚಿತ. ಊದುವ ಅಗತ್ಯವೇ ಇಲ್ಲ! ಇಂದೇ ಆರ್ಡರ್ ಮಾಡಿ.” ಬೆಳಗ್ಗೆಯಿಂದ ನಾವು ಜಗಳವಾಡಿದ್ದು ಒಂದು ಜಾಹೀರಾತಿನ ಕೆಳಗೆ. ಇದನ್ನು ಗುಂಪಿನಲ್ಲಿ ಹೇಳೋಣ ಎಂದು ಟೈಪ್ ಮಾಡುತ್ತಿದ್ದೆ. ಚಿಕ್ಕಮ್ಮ ಮೊದಲಾದರು.

ಚಿಕ್ಕಮ್ಮ: ರಘು ಕಳಿಸಿದ್ದನ್ನು ಈಗ ಪೂರ್ತಿ ಓದಿದೆ. ತುಂಬಾ ಒಳ್ಳೆಯ ಮಾಹಿತಿ 🙏 ನಮ್ಮ ಗುರುಗೆ ಅಂತ ಒಂದು ಆರ್ಡರ್ ಮಾಡಿಬಿಟ್ಟೆ. ಪಾಪ, ಅವನ ಆಟದಲ್ಲಿ ಪಾಸ್ ಆಗಲ್ಲವಂತೆ. ಇದರಲ್ಲಿ ಗನ್ ಬೇರೆ ಇದೆ. ದೀಪಾವಳಿಗೆ ತಂದ ದೊಡ್ಡ ಟಿವಿಗೆ ಹಾಕಿದರೆ ಚೆನ್ನಾಗಿ ಕಾಣುತ್ತೆ ಅಲ್ವಾ?

ಮಧು ಅಣ್ಣನ ಹೆಸರಿನ ಕೆಳಗೆ ‘ಟೈಪಿಂಗ್’ ಎಂದು ಬಂತು. ನಿಂತಿತು. ಮತ್ತೆ ಬಂತು.

ರಘು ಅಣ್ಣ: ಚೆನ್ನಾಗಿ ಕಾಣುತ್ತೆ ಚಿಕ್ಕಮ್ಮ. ಜಾಯ್‌ಸ್ಟಿಕ್ ಮಾತ್ರ ಪುಟ್ಟಿ ಕೈಗೆ ಕೊಡಬೇಡಿ.