ಚಿಪ್ಪುಹಂದಿ, ಬಂದಳಿಕೆ ಪಾಚಿ: ಎರಡು ಹೆಸರುಗಳ ಬಳಕೆಯ ಬಗ್ಗೆ

ಚಿಪ್ಪುಹಂದಿಯ ಹೆಸರಿನಲ್ಲಿ ಹಂದಿ ಇದ್ದರೂ ಅವೆರಡಕ್ಕೂ ಹತ್ತಿರದ ನಂಟಿಲ್ಲ. ಹಲ್ಲಿಲ್ಲದ, ಉದ್ದ ನಾಲಿಗೆಯಿಂದ ಇರುವೆ, ಗೆದ್ದಲುಗಳನ್ನು ಹಿಡಿದು ತಿನ್ನುವ ಈ ಸಸ್ತನಿಗೆ ಬೆಕ್ಕು, ನಾಯಿಗಳ ಗಣವೇ ಹೆಚ್ಚು ಸಮೀಪದ್ದು. ಮರಾಠಿಯ ‘ಖವಲೆ ಮಾಂಜರ’, ಅಂದರೆ ಹುರುಪೆಯ ಬೆಕ್ಕು, ಈ ದೃಷ್ಟಿಯಿಂದ ಸತ್ಯಕ್ಕೆ ತುಸು ಹತ್ತಿರವಾಗಿದೆ. ತಮಿಳರಾದರೋ ಹೋಲಿಕೆಯ ಗೊಡವೆಗೇ ಹೋಗದೆ ‘ಎರುಂಬುತಿನ್ನಿ’ ಎಂದು ಅದರ ಆಹಾರವನ್ನೇ ಹೆಸರಾಗಿಸಿದ್ದಾರೆ. ‘ಚಿಪ್ಪು’ ಎಂಬುದೂ ಚರ್ಚೆಗೆ ಅರ್ಹವಾದ ಪದ. ತೆಂಗಿನ ಚಿಪ್ಪು, ಕಪ್ಪೆಚಿಪ್ಪುಗಳು ಒಳಗಿನದನ್ನು ಮುಚ್ಚಿಡುವ ಗಟ್ಟಿ ಕವಚಗಳು. ಇದರ ಮೈಮೇಲಿರುವುದು ನಮ್ಮ ಉಗುರಿನಲ್ಲಿರುವ ಕೆರಾಟಿನ್‌ನಿಂದಲೇ ಆದ, ಒಂದರ ಮೇಲೊಂದು ಹೊದ್ದುಕೊಂಡ ಬಿಲ್ಲೆಗಳು. ಹೀಗಿದ್ದರೂ ಈ ಹೆಸರನ್ನು ತಿದ್ದಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. 2016ರಲ್ಲಿ ಎಂಟೂ ಪ್ರಭೇದಗಳ ಅಂತರರಾಷ್ಟ್ರೀಯ ವ್ಯಾಪಾರವನ್ನು ನಿಷೇಧಿಸಲು ನಿರ್ಧರಿಸಿದ ಮೇಲೂ ಕಳ್ಳಬೇಟೆಗೆ ಬಲಿಯಾಗುತ್ತಿರುವ ಪ್ರಾಣಿಯನ್ನು ಕಾಡಂಚಿನ ಜನ ಯಾವ ಹೆಸರಿನಿಂದ ಗುರುತಿಸುತ್ತಾರೋ ಅದೇ ಹೆಸರು ಬರಹದಲ್ಲಿಯೂ ಇರಬೇಕು.

ನ್ಯೂಜಿಲೆಂಡಿನ ಕಡಲಂಚಿನ ‘ಹರ್ಪೊಡಿಸ್ಕಸ್’ ಎಂಬ ಕಂದುಪಾಚಿಯ ವಿಷಯ ಬೇರೆ. ಅದಕ್ಕೆ ಕನ್ನಡದಲ್ಲಿ ರೂಢಿಯ ಹೆಸರಿಲ್ಲ, ಆದ್ದರಿಂದ ಆಯ್ಕೆ ನಮ್ಮದು. ಅದು ‘ಡರ್ವಿಲಿಯಾ’ ಎಂಬ ಮತ್ತೊಂದು ದೊಡ್ಡ ಕಂದುಪಾಚಿಯ ಒಡಲೊಳಗೆ ಬೆಳೆದು, ಅದರ ಮೇಲ್ಮೈಯಲ್ಲಿ ಮಚ್ಚೆಗಳಾಗಿ ಹೊರಬರುತ್ತದೆ. ಕಂದುಪಾಚಿಗಳು ಬಾವಿಕಟ್ಟೆಯ ಹಸಿರು ಪಾಚಿಯ ವಂಶದವಲ್ಲವಾದ್ದರಿಂದ, ಚಿಪ್ಪುಹಂದಿಯಲ್ಲಿ ‘ಹಂದಿ’ ಹೇಗೋ ಇಲ್ಲಿ ‘ಪಾಚಿ’ಯೂ ಹಾಗೆಯೇ ಕಣ್ಣಿಗೆ ಕಂಡ ಹೋಲಿಕೆಯಿಂದ ಬಂದ ಪದ. ಅದನ್ನು ಒಪ್ಪಿಕೊಳ್ಳಬಹುದು.

ನನಗೆ ತೊಡಕಾಗಿರುವುದು ವಿಶೇಷಣ. ‘ಪರಾವಲಂಬಿ’ ಎಂಬುದು ಮನೆಯವರನ್ನು ನೆಚ್ಚಿಕೊಂಡ ಮನುಷ್ಯನಿಗೂ ಸಲ್ಲುವಷ್ಟು ಸಡಿಲವಾಗಿದೆ. ‘ಬಂದಳಿಕೆ ಪಾಚಿ’ ಎಂದರೆ ಮಾವಿನ ಮರದ ಕೊಂಬೆಗೆ ಬೇರೂರಿದ ಬಂದಳಿಕೆಯನ್ನು ಕಂಡ ಯಾರಿಗೂ ಅರ್ಥ ಥಟ್ಟನೆ ಹೊಳೆಯುತ್ತದೆ. ಆದರೆ ಆ ಬಂದಳಿಕೆ ಮರದಿಂದ ನೀರು, ಲವಣಗಳನ್ನು ಹೀರಿದರೂ ತನ್ನ ಹಸಿರೆಲೆಗಳಲ್ಲಿ ತಾನೇ ಆಹಾರ ತಯಾರಿಸಿಕೊಳ್ಳುತ್ತದೆ, ಹರ್ಪೊಡಿಸ್ಕಸ್ ಆಹಾರಕ್ಕೂ ಆಸರೆಯ ಪಾಚಿಯನ್ನೇ ನೆಚ್ಚಿಕೊಂಡಿದೆ. ಎಲೆಯಿಲ್ಲದೆ ಹಳದಿ ಎಳೆಗಳಾಗಿ ಬೇಲಿಯ ಮೇಲೆ ಹಬ್ಬುವ ಕಸ್ಕ್ಯೂಟಾ ಬಳ್ಳಿಯನ್ನೂ ನಿಮ್ಮ ಕಡೆ ಬಂದಳಿಕೆ ಎಂದೇ ಕರೆಯುತ್ತಾರೆಯೆ? ಹಾಗೆ ಕರೆಯುವುದಾದರೆ ಆ ಪದದ ವ್ಯಾಪ್ತಿ ಈ ಪಾಚಿಗೂ ಸಾಕಾಗುತ್ತದೆ. ಬೇರೆ ಹೆಸರಿದ್ದರೆ, ಅದು ಯಾವ ಜಿಲ್ಲೆಯ ಬಳಕೆ ಎಂಬುದರೊಂದಿಗೆ ಬಲ್ಲವರು ದಯವಿಟ್ಟು ತಿಳಿಸಬೇಕು.